ಒಂದು ಮೊರ ತೌಡು

ಕಿಬ್ಬನಹಳ್ಳಿ ಕ್ರಾಸಿನಲ್ಲಿ ಬಸ್ಸಿಳಿದವನ ಮೂಗಿಗೆ ಮೊದಲು ಬಡಿಯಬೇಕಾದದ್ದು ಕೊಬ್ಬರಿಯ ವಾಸನೆ. ಹೋದ ವರ್ಷ ನನಗೆ ಬಡಿದದ್ದು ತೌಡಿನ ವಾಸನೆ. ತಿಪಟೂರಿನಲ್ಲಿ ನೆಂಟರ ಮದುವೆ ಮುಗಿಸಿಕೊಂಡು ಹೊರಟಿದ್ದೆ. ಮುಂದಿನ ಬಸ್ಸಿಗೆ ಇನ್ನೂ ಹೊತ್ತಿತ್ತು. ನೆರಳು ಹುಡುಕಿಕೊಂಡು ಹೋಗಿ ನಿಂತದ್ದು ದನದ ಮೇವು, ಹಿಂಡಿ, ಬೂಸಾ ಮಾರುವ ಒಂದು ಅಂಗಡಿಯ ಮುಂದೆ. ಅಂಗಡಿಯವನು ಮೂಟೆಯ ಬಾಯಿ ಬಿಚ್ಚಿ ತೌಡನ್ನು ತಕ್ಕಡಿಗೆ ಸುರಿಯುತ್ತಿದ್ದ. ಜಿಡ್ಡೂ ಧೂಳೂ ಬೆರೆತ ಆ ವಾಸನೆ ಬಂದದ್ದೇ ತಡ, ತುರುವೇಕೆರೆ ತಾಲ್ಲೂಕಿನಲ್ಲಿ ಕಳೆದ ಒಂದು ಬೇಸಿಗೆ ನೆನಪಾಯಿತು. ತೌಡಿನಿಂದ ಬೇಸಿಗೆಯೊಂದು ನೆನಪಾಗುವುದು ನನ್ನೊಬ್ಬನಿಗೇ ಇರಬೇಕು.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾನು ತೋಟಗಾರಿಕೆ ಸಹಾಯಕನಾಗಿ ಆ ತಾಲ್ಲೂಕಿನ ದಂಡಿನಶಿವರದ ಕಡೆಗೆ ಬಂದು ವರ್ಷ ತುಂಬಿರಲಿಲ್ಲ. ನಮ್ಮೂರು ಕೋಲಾರದ ಕಡೆ. ನಮ್ಮಲ್ಲಿ ತೆಂಗಿನ ಮರ ಎಂದರೆ ಬಾವಿಯ ಪಕ್ಕ ಒಂದೋ ಎರಡೋ. ಕಾಯಿ ಬಿದ್ದರೆ ಎತ್ತಿಕೊಳ್ಳುತ್ತೇವೆ, ಬೀಳದಿದ್ದರೆ ಮರೆಯುತ್ತೇವೆ. ಇಲ್ಲಿಯ ಜನ ಹಾಗಲ್ಲ. ಹೆಣ್ಣು ನೋಡಲು ಹೋದವರು ಮೊದಲು ಅಟ್ಟ ನೋಡುತ್ತಿದ್ದರು, ಆಮೇಲೆ ಹೆಣ್ಣು. ಅಟ್ಟದಲ್ಲಿ ಕಾಯಿ ವರ್ಷವಿಡೀ ಒಣಗಿ, ಚಿಪ್ಪಿನೊಳಗೆ ಕೊಬ್ಬರಿಯ ಗಿಟುಕು ಕಳಚಿಕೊಂಡು ಗಲಗಲ ಎನ್ನುವವರೆಗೂ ಯಾರೂ ಅವಸರ ಮಾಡುತ್ತಿರಲಿಲ್ಲ. ಅವಸರ ಇದ್ದದ್ದು ನಮ್ಮ ಇಲಾಖೆಗೆ ಮಾತ್ರ, ಅದೂ ಮಾರ್ಚಿ ತಿಂಗಳು ಹತ್ತಿರ ಬಂದಾಗ.

ಆ ವರ್ಷ ಸರ್ಕಾರ ಒಂದು ಸಹಾಯಧನ ತಂದಿತ್ತು. ಅಣಬೆ ರೋಗ ಹತ್ತಿದ ತೆಂಗಿನ ಮರಗಳನ್ನು ಕಡಿದು, ಬೊಡ್ಡೆ ಕಿತ್ತು ಸುಟ್ಟರೆ, ಮರಕ್ಕೆ ಇಷ್ಟು ಎಂದು ತೋಟದ ಖಾತೆದಾರನಿಗೆ ಚೆಕ್ಕು. ಅಣಬೆ ರೋಗ ಎಂದರೆ ಬೇರಿಗೆ ಬರುವ ರೋಗ. ಕೆಳಗಿನ ಗರಿಗಳು ಜೋತು ಬೀಳುತ್ತವೆ, ಬುಡದಲ್ಲಿ ಕಂದು ಬಣ್ಣದ ಅಂಟು ಸೋರುತ್ತದೆ, ಮಳೆ ಬಿದ್ದ ಮೇಲೆ ಅದೇ ಬುಡದಲ್ಲಿ ಅಣಬೆ ಏಳುತ್ತದೆ. ಅಷ್ಟು ಹೊತ್ತಿಗೆ ಮಣ್ಣಿನಲ್ಲೇ ಹರಡಿ ಪಕ್ಕದ ಮರಕ್ಕೂ ಹತ್ತಿರುತ್ತದೆ. ಕಡಿಯದೆ ಬೇರೆ ದಾರಿ ಇಲ್ಲವೆಂದು ನಮಗೆ ಹೇಳಿಕೊಟ್ಟಿದ್ದರು, ನಾನು ಅದನ್ನೇ ಊರೂರಿಗೆ ಸೈಕಲ್ ಮೇಲೆ ಹೊತ್ತುಕೊಂಡು ಹೋಗುತ್ತಿದ್ದೆ.

ದಂಡಿನಶಿವರದ ಹೋಟೆಲಿನಲ್ಲಿ ಕೂತವರಿಗೆ ನಾನು ಆ ವರ್ಷದ ತಮಾಷೆಯಾದೆ. "ನೆಡಕ್ಕೆ ದುಡ್ಡು ಕೊಡೋ ಸರ್ಕಾರ ನೋಡಿದ್ವಿ ಸ್ವಾಮಿ, ಕಡಿಯಕ್ಕೆ ಕೊಡೋದು ಇದೇ ಮೊದ್ಲು. ನಾಳೆ ಹೆಂಡ್ತೀನ ಬಿಡಕ್ಕೂ ಕೊಡ್ತದೇನೋ ವಿಚಾರಿಸಿ" ಎಂದು ಒಬ್ಬರು ಅಂದರೆ ಉಳಿದವರು ಟೀ ಲೋಟ ಕೆಳಗಿಟ್ಟು ನಗುತ್ತಿದ್ದರು. ನಾನೂ ನಗುತ್ತಿದ್ದೆ. ನಗದೆ ಆ ಕೆಲಸ ಸಾಗುತ್ತಿರಲಿಲ್ಲ.

ದಂಡಿನಶಿವರದಿಂದ ಒಳಕ್ಕೆ ಒಂದು ಊರು. ಹೆಸರು ಬೇಡ, ಆ ಮನೆಯವರು ಇನ್ನೂ ಅಲ್ಲೇ ಇದ್ದಾರೆ. ಅಲ್ಲಿ ಪುಟ್ಟಸ್ವಾಮಿ ಎಂಬ ರೈತನ ತೋಟಕ್ಕೆ ರೋಗ ಚೆನ್ನಾಗಿಯೇ ಹತ್ತಿತ್ತು. ಬಾವಿಯ ಮಗ್ಗುಲಿನ ಹತ್ತು ಹನ್ನೆರಡು ಮರಗಳು ಬುಡದಲ್ಲಿ ಸೋರುತ್ತಿದ್ದವು. ಬದುವಿನಾಚೆ ಅವನ ಅಣ್ಣ ರಂಗಪ್ಪನ ತೋಟ. ಹಿಸ್ಸೆಯಾಗಿ ಕೆಲವು ವರ್ಷಗಳಾಗಿದ್ದವು. ಚೀಟಿ ಎತ್ತಿದಾಗ ಬಾವಿಯ ಮಗ್ಗುಲು ತಮ್ಮನಿಗೆ ಬಂದಿತ್ತು, ಅಂದಿನಿಂದ ಅಣ್ಣತಮ್ಮಂದಿರಲ್ಲಿ ಮಾತಿರಲಿಲ್ಲ. ರಂಗಪ್ಪನಿಗಿಂತ ಹೆಚ್ಚು ಉರಿ ಅವನ ಹೆಂಡತಿ ಲಕ್ಕಮ್ಮನಿಗೆ ಎಂದು ಊರು ಹೇಳುತ್ತಿತ್ತು. ಆಕೆ ಮದುವೆಯಾಗಿ ಬಂದ ಹೊಸದರಲ್ಲಿ ಆ ಮರಗಳು ಸಸಿಗಳಾಗಿದ್ದವಂತೆ, ಪಂಪಿಲ್ಲದ ಕಾಲ, ಕೊಡದಲ್ಲಿ ನೀರು ಹೊತ್ತು ಹಾಕಿ ಬೆಳೆಸಿದವಳು ಆಕೆಯೇ. ಕೊಡ ಹೊತ್ತ ಸೊಂಟ ನಂದು, ಕಾಯಿ ಇಳಿಸೋರು ಬೇರೆ ಎಂದು ಬಾವಿಕಟ್ಟೆಯಲ್ಲಿ ಆಕೆ ಆಡಿಕೊಳ್ಳುತ್ತಿದ್ದುದನ್ನು ನಾನೇ ಕೇಳಿದ್ದೆ.

ಪುಟ್ಟಸ್ವಾಮಿ ಮಾತು ಕಡಿಮೆಯ ಮನುಷ್ಯ. ಯೋಜನೆಯ ವಿವರವನ್ನೆಲ್ಲ ತಲೆ ತಗ್ಗಿಸಿ ಕೇಳಿದ. ರೋಗ ಇರುವುದು ನಿಜ, ಕಡಿಯಬೇಕಾದದ್ದೂ ನಿಜ, ಆದರೆ ಈಗ ಆಗುವುದಿಲ್ಲ ಎಂದ. ಅವನ ಹೆಂಡತಿ ಜಯಮ್ಮ ಬಸುರಿ. ಹಿಂದೆ ಎರಡು ಸಲ ನಿಂತದ್ದು ಉಳಿದಿರಲಿಲ್ಲ. ಬಸುರಿಯ ಗಂಡ ಹಾವು ಹೊಡೆಯಬಾರದು, ಹೆಣ ಹೊರಬಾರದು, ಹಸಿ ಮರಕ್ಕೆ ಕೊಡಲಿ ಹಾಕಬಾರದು. ತೆಂಗಿನ ಮರವಂತೂ ಆ ಸೀಮೆಯಲ್ಲಿ ಮನೆಯ ಮಗನ ಲೆಕ್ಕ. ಹೆರಿಗೆ ಆಗುವುದು ವೈಶಾಖದಲ್ಲಿ, ನಮ್ಮ ದುಡ್ಡು ವಾಪಸು ಹೋಗುವುದು ಮಾರ್ಚಿ ಕೊನೆಗೆ. ನಾನು ಇದನ್ನು ಸರಳವಾಗಿ ಬಗೆಹರಿಸಬಹುದು ಎಂದುಕೊಂಡು, ನೀವು ಕೊಡಲಿ ಮುಟ್ಟಬೇಡಿ, ಆಳುಗಳಿಂದ ಕಡಿಸೋಣ ಎಂದೆ.

"ಕೊಡ್ಲಿ ಯಾರ ಕೈಲಿದ್ರೇನು ಸ್ವಾಮಿ, ಮರ ಯಾರ್ದು ಅನ್ನೋದಲ್ವಾ ಲೆಕ್ಕ" ಎಂದ ಪುಟ್ಟಸ್ವಾಮಿ.

ಬಾಗಿಲ ಸಂದಿಯಲ್ಲಿ ನಿಂತಿದ್ದ ಜಯಮ್ಮ ಆ ದಿನ ಒಂದೇ ಮಾತಾಡಿದಳು. "ದುಡ್ಡು ಬರ್ದಿದ್ರೆ ಹೋಯ್ತು. ಇದೊಂದು ಉಳೀಲಿ ಸಾ."

ಅಲ್ಲಿಗೆ ನನ್ನ ಕೆಲಸ ಮುಗಿಯಬಹುದಿತ್ತು. ರೋಗ ಮುಗಿಯಲಿಲ್ಲ. ಶಿವರಾತ್ರಿಯ ಸುಮಾರಿಗೆ ರಂಗಪ್ಪ ಕಚೇರಿಗೆ ಬಂದು, ತಮ್ಮನ ಮರಗಳಿಂದ ತನ್ನ ತೋಟದ ಎರಡು ಮರಗಳಿಗೂ ಹತ್ತಿದೆ, ಅವನು ಕಡಿಯದಿದ್ದರೆ ಇಲಾಖೆಯೇ ಕಡಿಸಬೇಕು ಎಂದು ಅರ್ಜಿ ಕೊಟ್ಟು ಹೋದ. ಹೋಗಿ ನೋಡಿದೆ. ಹೇಳಿದ್ದು ಸುಳ್ಳಲ್ಲ. ಇನ್ನೊಂದು ಮಳೆಗಾಲ ಬಿಟ್ಟರೆ ಆ ಇಡೀ ಸಾಲು ಹೋಗುವಂತಿತ್ತು. ಒಂದು ಕಡೆ ಇನ್ನೂ ಹುಟ್ಟದ ಕೂಸು, ಇನ್ನೊಂದು ಕಡೆ ಅಣ್ಣನ ಮನೆಯ ಅನ್ನ. ಊರಿನವರು ಎರಡು ಪಾಳೆಯವಾಗಿ ನಿಂತರು. ಲಕ್ಕಮ್ಮನಿಗೆ ಸಿಗದ ಮರ ಯಾರಿಗೂ ಬೇಡವಾಗಿದೆ, ಅದಕ್ಕೇ ಗಂಡನ ಕೈಲಿ ಅರ್ಜಿ ಕೊಡಿಸಿದಳು ಎಂಬ ಮಾತೂ ಹುಟ್ಟಿಕೊಂಡಿತು.

ಆ ಮಾತು ಹುಟ್ಟಿದ ವಾರದೊಳಗೆ ಲಕ್ಕಮ್ಮ ಬದು ದಾಟಿ ಬಂದಳು. ನಾನು ಅಂದು ರೋಗದ ಮರಗಳಿಗೆ ಸುಣ್ಣದ ಗುರುತು ಹಾಕಿಕೊಳ್ಳಲು ಹೋಗಿದ್ದೆ. ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು. ಆಕೆಯ ಕೈಯಲ್ಲಿ ಒಂದು ಮೊರ, ಮೊರದ ತುಂಬ ತೌಡು. ಹಿಂದೆ ಊರಿನ ನಾಲ್ಕಾರು ಹೆಂಗಸರು, ತಮಾಷೆ ನೋಡಲು ಬಂದವರು. ತೋಟದಲ್ಲೇ ಇದ್ದ ಪುಟ್ಟಸ್ವಾಮಿಯ ಮನೆಯ ಅಂಗಳದ ನಡುವೆ ನಿಂತು ಆಕೆ ಯಾರ ಮುಖವನ್ನೂ ನೋಡದೆ ಹೇಳಿದಳು.

"ಮಕ್ಳು ಉಳೀದೆ ಇರೋ ಮನೇಲಿ ಹುಟ್ಟಿದ ಕೂಸ್ನೇ ಒಂದು ಮೊರ ತೌಡಿಗೆ ಮಾರಿ ಉಳಿಸ್ಕಂತೀವಿ. ಮರ ಮಾರಕ್ಕಾಗಲ್ವಾ? ಆ ಬಾವಿ ಮಗ್ಗುಲ ಮರ ನಂಗೆ ಮಾರ್ಲಾ ಪುಟ್ಟಸ್ವಾಮಿ. ನನ್ನ ಮರ ನಾನು ಕಡಿಸ್ಕಂತೀನಿ. ಬರೋದೆಲ್ಲ ನನ್ನ ತಲೆಗೆ ಬರ್ಲಿ."

ಆ ಕಡೆ ಇದು ಗೊತ್ತಿದ್ದ ಪದ್ಧತಿಯೇ. ಮಕ್ಕಳು ದಕ್ಕದ ಮನೆಯಲ್ಲಿ ಕೂಸು ಹುಟ್ಟಿದರೆ ಅದನ್ನು ನೆರೆಯವಳಿಗೆ ತೌಡಿಗೆ ಮಾರಿಬಿಡುತ್ತಿದ್ದರು. ಕೂಸು ಈ ಮನೆಯದಲ್ಲ ಎಂದಾದ ಮೇಲೆ ಈ ಮನೆಯ ಕೆಡುಕು ಅದನ್ನು ಹುಡುಕಿಕೊಂಡು ಬರುವುದಿಲ್ಲ. ಅದನ್ನು ಮರಕ್ಕೆ ಹೊಂದಿಸಿದ್ದು ಮಾತ್ರ ಲಕ್ಕಮ್ಮನ ಬುದ್ಧಿ. ನಾನು ಪುಟ್ಟಸ್ವಾಮಿಯನ್ನು ನೋಡಿದೆ, ಪುಟ್ಟಸ್ವಾಮಿ ಹೆಂಡತಿಯನ್ನು ನೋಡಿದ. ಜಯಮ್ಮ ಹೊಸಿಲ ಹೊರಗೆ ಬಂದು, ಓರಗಿತ್ತಿಯ ಮುಖವನ್ನು ಬಹಳ ಹೊತ್ತು ನೋಡಿ, ಸೆರಗು ಒಡ್ಡಿದಳು. ಲಕ್ಕಮ್ಮ ತೌಡು ಸುರಿದು ಮೊರ ಕೊಡವಿಕೊಂಡು ಹೋದಳು. ವ್ಯಾಪಾರ ಮುಗಿಯಿತು.

ಮರ ಕಡಿಯಲು ತಿಪಟೂರಿನಿಂದ ಗೌಸ್ ಸಾಬರು ಬಂದರು. ಮನೆಗಳಿಗೆ ತೊಲೆ, ಜಂತಿ ಕೊಯ್ದು ಕೊಡುವವರು, ರೋಗದ ಮರದಲ್ಲೂ ಮೇಲಿನ ಅರ್ಧ ಗಟ್ಟಿಯಿರುತ್ತದೆಂದು ತಿಳಿದವರು. ಆಳುಗಳು ಹಗ್ಗ ಕಟ್ಟಿ ಸಿದ್ಧವಾದ ಮೇಲೆ ಅವರು ಪದ್ಧತಿಯಂತೆ ಮಾಲೀಕರು ಯಾರು, ಶುರು ಮಾಡೋಣವೇ ಎಂದು ಕೇಳಿದರು. ಲಕ್ಕಮ್ಮ ಮುಂದೆ ಬಂದು "ನಾನು" ಎಂದಳು.

ಪುಟ್ಟಸ್ವಾಮಿ ಬೆಳಿಗ್ಗೆಯೇ ಊರು ಬಿಟ್ಟು ಹೋಗಿದ್ದ. ಜಯಮ್ಮ ಜಗಲಿಯಲ್ಲಿ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ಒಂದೊಂದು ಮರ ಬಿದ್ದಾಗಲೂ ಅಂಗಳದ ನೆಲ ಅದುರುತ್ತಿತ್ತು, ಆಕೆ ಒಮ್ಮೆಯೂ ತಲೆ ಎತ್ತಲಿಲ್ಲ. ಅಷ್ಟು ಹೊತ್ತೂ ಲಕ್ಕಮ್ಮನ ಗಂಟಲು ಮಾತ್ರ ತೋಟದ ತುಂಬ ಕೇಳುತ್ತಿತ್ತು: ನನ್ನ ಮರ ಹುಷಾರು, ನನ್ನ ಗರಿ ಅಲ್ಲಿ ಹಾಕಿ, ನನ್ನ ಬೊಡ್ಡೆ ಆಳವಾಗಿ ಕೀಳಿ. ಇಷ್ಟು ಜಂಬ ಯಾಕೆ ಎಂದು ಅಂದು ನನಗೂ ಅನ್ನಿಸಿತ್ತು. ಬಾವಿಗೆ ಅಂಟಿಕೊಂಡಿದ್ದ ಕೊನೆಯ ಮರದ ಹತ್ತಿರ ಬಂದಾಗ ಆ ಗಂಟಲು ನಿಂತಿತು. ಮರಕ್ಕೆ ಅರಿಶಿನ ಕುಂಕುಮ ಹಚ್ಚಿ, ಅಂಗೈಯನ್ನು ಕಾಂಡದ ಮೇಲೆ ಇಟ್ಟು ನಿಂತಳು.

"ಹೆತ್ತ ಮಕ್ಕಳ ಮೈಗೂ ಇಷ್ಟು ನೀರು ಹುಯ್ದಿಲ್ಲ ನಾನು" ಎಂದು ಯಾರಿಗೋ ಹೇಳುವಂತೆ ಹೇಳಿ, ಎಲ್ಲರ ಎದುರಿಗೇ ಅತ್ತಳು. ಗೌಸ್ ಸಾಬರು ಆಳುಗಳಿಗೆ ಕೈ ಸನ್ನೆ ಮಾಡಿ, ಆಕೆ ಪಕ್ಕಕ್ಕೆ ಸರಿಯುವವರೆಗೂ ಕಾದರು.

ಬೊಡ್ಡೆಗಳು ಬೆಂದು ಬೂದಿಯಾದವು, ನಾನು ವರದಿ ಬರೆದೆ, ಚೆಕ್ಕು ಬರುವ ಹಾಗಾಯಿತು. ರಸೀದಿಗೆ ರುಜು ಹಾಕಿಸಲು ಪುಟ್ಟಸ್ವಾಮಿಯ ಮನೆಗೆ ಹೋದರೆ ಅವನು ಪೆನ್ನು ಮುಟ್ಟಲಿಲ್ಲ.

"ಮರ ನಂದಲ್ವಲ್ಲ ಸ್ವಾಮಿ. ನನ್ನ ಮರ ಕಡಿಸಿದ್ದಕ್ಕೆ ದುಡ್ಡು ಬಂತು ಅಂತ ರುಜು ಹಾಕಿದ್ರೆ ನಾನೇ ಕಡಿಸ್ದಂಗೆ ಆಗ್ಲಿಲ್ವಾ?"

ಅವನ ಮಾತಿನಲ್ಲಿ ಎಲ್ಲೂ ಬಿರುಕು ಸಿಗಲಿಲ್ಲ. ಆದರೆ ಸರ್ಕಾರಕ್ಕೆ ಗೊತ್ತಿರುವುದು ಖಾತೆದಾರ ಒಬ್ಬನೇ, ತೌಡು ಅದಕ್ಕೆ ಗೊತ್ತಿಲ್ಲ. ತುರುವೇಕೆರೆಯಲ್ಲಿ ನಮ್ಮ ಸಾಹೇಬರಿಗೆ ವಿಷಯ ಹೇಳಿದೆ. ಆ ತೌಡಿನ ಕ್ರಯಪತ್ರ ನೋಂದಣಿ ಆಗಿದೆಯೇನ್ರೀ ಎಂದು ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ನಗು ನಿಲ್ಲಿಸಿ, ಮಾರ್ಚಿ ಮುಗಿಯುವುದರೊಳಗೆ ಖಾತೆದಾರನ ರುಜು ಬೇಕು, ಇಲ್ಲದಿದ್ದರೆ ದುಡ್ಡು ವಾಪಸು ಎಂದರು. ಲಕ್ಕಮ್ಮನ ಹೆಸರಿಗೆ ಕೊಡಲು ಬರುವುದಿಲ್ಲ, ಪುಟ್ಟಸ್ವಾಮಿ ತೆಗೆದುಕೊಳ್ಳುವುದಿಲ್ಲ. ನಾನು ಬೇಸರದಿಂದಲೇ ಮತ್ತೆ ಸೈಕಲ್ ಹತ್ತಿದೆ. ಆ ಊರಿನ ದಾರಿಯ ಒಂದೊಂದು ಕಲ್ಲೂ ನನ್ನ ಚಕ್ರಕ್ಕೆ ಪರಿಚಯವಾಗಿಬಿಟ್ಟಿತ್ತು.

ಈ ಗಂಟು ಬಿಡಿಸಿದವಳು ಮತ್ತೆ ಲಕ್ಕಮ್ಮನೇ. ವಿಷಯ ಕಿವಿಗೆ ಬಿದ್ದದ್ದೇ ಮೈದುನನ ಅಂಗಳಕ್ಕೆ ಬಂದಳು.

"ಮರ ನಂದು, ದುಡ್ಡು ನಂದು. ಸರ್ಕಾರದೋರಿಗೆ ನಿನ್ನ ಕೈಯೇ ಬೇಕಂತೆ. ನನ್ನ ಕೂಲಿ ಆಳಾಗಿ ಹೋಗಿ ಇಸ್ಕಂಡು ಬಾರ್ಲಾ. ಒಂದು ದಿವ್ಸದ ಕೂಲಿ ಕೊಡ್ತೀನಿ, ಬಸ್ ಚಾರ್ಜೂ ಕೊಡ್ತೀನಿ."

ಪುಟ್ಟಸ್ವಾಮಿ ಯೋಚನೆ ಮಾಡಿದ. ಆಮೇಲೆ ನನ್ನ ಕೈಯಿಂದ ಪೆನ್ನು ತೆಗೆದುಕೊಂಡು, "ಅತ್ತಿಗಮ್ಮನ ಆಳಾಗಿ ಹಾಕ್ತಿದೀನಿ, ನೀವೇ ಸಾಕ್ಷಿ" ಎಂದು ಬಾಯಿಬಿಟ್ಟು ಹೇಳಿ ರುಜು ಹಾಕಿದ. ರಸೀದಿಯಲ್ಲಿ ಅದಕ್ಕೆ ಜಾಗವಿರಲಿಲ್ಲ. ನಾನು ಸಾಕ್ಷಿ ಎಂದು ಒಪ್ಪಿಕೊಂಡೆ, ಇವತ್ತಿಗೂ ನಾನೇ ಸಾಕ್ಷಿ. ತುರುವೇಕೆರೆಯ ಬ್ಯಾಂಕಿನಿಂದ ಅವನು ದುಡ್ಡನ್ನು ಟವೆಲ್ಲಿನಲ್ಲಿ ಗಂಟು ಹಾಕಿಕೊಂಡು ಬಂದು ಆಕೆಯ ಬಾಗಿಲಲ್ಲಿ ಬಿಚ್ಚಿದ. ಆಕೆ ನಾಲ್ಕು ಜನರ ಎದುರು ಎಣಿಸಿಕೊಂಡು, ಕೂಲಿ ಬೇರೆ, ಬಸ್ ಚಾರ್ಜು ಬೇರೆ ತೆಗೆದುಕೊಟ್ಟಳು. ಅವನೂ ಎಣಿಸಿಕೊಂಡೇ ಜೇಬಿಗೆ ಹಾಕಿಕೊಂಡ. ಅಣ್ಣತಮ್ಮಂದಿರ ಮನೆಗಳ ನಡುವೆ ಹಿಸ್ಸೆಯಾದ ಮೇಲೆ ಕೈ ಬದಲಾದ ಮೊದಲ ದುಡ್ಡು ಅದು ಎಂದು ಊರವರು ಹೇಳಿದರು.

ಈಗ ಎಲ್ಲರೂ ಕಾದದ್ದು ಆ ದುಡ್ಡು ವಾಪಸು ಹೋಗುವುದನ್ನು. ಹೋಗೇ ಹೋಗುತ್ತದೆ ಎಂದು ನಾನೂ ಎಣಿಸಿದ್ದೆ. ಮಾರಿದ್ದು ಬರೀ ಶಾಸ್ತ್ರಕ್ಕೆ, ಹೆರಿಗೆ ಸುಸೂತ್ರವಾದರೆ ದೊಡ್ಡ ಮನಸ್ಸು ಮಾಡಿ ಮಗುವಿನ ಕೈಗೆ ಹಾಕುತ್ತಾಳೆ ಎಂದು ಹೋಟೆಲಿನಲ್ಲಿ ಲೆಕ್ಕ ನಡೆದಿತ್ತು. ಪುಟ್ಟಸ್ವಾಮಿಗೆ ಆ ದುಡ್ಡಿನ ಅಗತ್ಯವೂ ಇತ್ತು. ಖಾಲಿ ಬಿದ್ದ ಜಾಗಕ್ಕೆ ಕೆರೆಯ ಗೋಡು ಮಣ್ಣು ತುಂಬಿಸಬೇಕು, ಸಸಿ ತರಬೇಕು. ಯುಗಾದಿ ಕಳೆಯಿತು, ವೈಶಾಖ ಬಂತು. ಒಂದು ಸಂಜೆ ಗುಡುಗು ಸಹಿತ ಮಳೆ ಬಂದು ನಿಂತ ಮೇಲೆ ಜಯಮ್ಮನಿಗೆ ಹೆಣ್ಣು ಮಗುವಾಯಿತು. ಕೂಸು ಅಳುವ ಸದ್ದು ಬದುವಿನಾಚೆಗೂ ಕೇಳಿತಂತೆ. ಜಯಮ್ಮ ಸಂಪಿಗೆ ಎಂಬ ಊರಿನ ಶ್ರೀನಿವಾಸ ದೇವರಿಗೆ ಹರಕೆ ಹೊತ್ತಿದ್ದಳು, ಅದಕ್ಕೇ ಮಗುವಿಗೆ ಪದ್ಮ ಎಂದು ಹೆಸರಿಟ್ಟರು.

ಹೆಸರಿಡುವ ದಿನ ನನಗೂ ಕರೆಯಿತ್ತು. ಊಟಕ್ಕೆ ಎಲೆ ಹಾಕುವ ಹೊತ್ತಿಗೆ ಲಕ್ಕಮ್ಮ ಬಂದಳು. ಕಿವಿಯಲ್ಲಿ ಹೊಸ ಬಂಗಾರದ ಓಲೆ, ಅಂಗಳದ ಬಿಸಿಲಿಗೆ ಫಳಫಳ ಎನ್ನುತ್ತಿತ್ತು. ತಿಪಟೂರಿನಲ್ಲಿ ಮಾಡಿಸಿದ್ದು, ತೆಂಗಿನ ಮರದ ದುಡ್ಡಿನದು ಎಂದು ಕೇಳಿದವರಿಗೂ ಕೇಳದವರಿಗೂ ಆಕೆಯೇ ಹೇಳಿದಳು. ಕೈಯಲ್ಲಿ ಏನೂ ಇರಲಿಲ್ಲ. ದೊಡ್ಡಮ್ಮನಾದವಳು ಮೊದಲ ಸಲ ಮಗು ನೋಡಲು ಒಂದು ಬಟ್ಟೆ ತರಲಿಲ್ಲ, ಒಂದು ರೂಪಾಯಿ ಮುಯ್ಯಿ ಹಾಕಲಿಲ್ಲ. ತೊಟ್ಟಿಲನ್ನು ಎರಡು ಸಲ ತೂಗಿ, ಊಟ ಮಾಡಿ, ಎದ್ದು ಹೋದಳು. ಜಯಮ್ಮ ಮುಖ ತಿರುಗಿಸಿಕೊಂಡಿದ್ದಳು. ಕೂಸನ್ನು ಉಳಿಸಿದ ಪುಣ್ಯವನ್ನು ಕಿವಿಗೆ ಹಾಕಿಕೊಂಡಳು ನೋಡು ಎಂದು ನನ್ನ ಪಕ್ಕದ ಎಲೆಯವರು ಅಂದರು. ನನಗೂ ಅದು ಸರಿ ಎನ್ನಿಸಿತು.

ಪುಟ್ಟಸ್ವಾಮಿ ಅಟ್ಟದ ಕಾಯಿ ಇನ್ನೂ ಗಲಗಲ ಎನ್ನುವ ಮೊದಲೇ ಇಳಿಸಿ, ಬಂದಷ್ಟಕ್ಕೆ ತಿಪಟೂರಿನ ಮಂಡಿಗೆ ಹಾಕಿದ. ಬಾವಿಯ ಮಗ್ಗುಲಲ್ಲಿ ತಾನೇ ಗುಂಡಿ ತೋಡಿ, ಮುಂಗಾರು ಹಿಡಿದ ಮೇಲೆ ಸಸಿ ನೆಟ್ಟ. ನಾನು ಹೋಗಿ ಅಳತೆ ಹಾಕಿಕೊಟ್ಟೆ. ಬದುವಿನಾಚೆ ರಂಗಪ್ಪನ ತೋಟದಲ್ಲಿ ಎರಡು ಮರ ಹೋದವು, ಉಳಿದ ಸಾಲು ಉಳಿಯಿತು. ಮಳೆಗಾಲ ಮುಗಿಯುವ ಮೊದಲು ನನಗೆ ಚಿತ್ರದುರ್ಗದ ಕಡೆಗೆ ವರ್ಗವಾಯಿತು. ಸರ್ಕಾರಿ ಕೆಲಸದಲ್ಲಿ ಊರುಗಳು ಅರ್ಧ ಓದಿದ ಪುಸ್ತಕಗಳ ಹಾಗೆ, ಮುಚ್ಚಿಟ್ಟು ಮುಂದಿನದಕ್ಕೆ ಹೋಗಬೇಕು. ನಾನೂ ಹೋದೆ.

ಕಿಬ್ಬನಹಳ್ಳಿಯ ಆ ಅಂಗಡಿಯ ಮುಂದೆ ಇಷ್ಟೆಲ್ಲ ನೆನಪಾಗುತ್ತಿರುವಾಗ, ತಕ್ಕಡಿಯ ಪಕ್ಕದಲ್ಲಿ ಕಲ್ಲಿನ ಮೇಲೆ ಕೂತಿದ್ದ ಮುದುಕಿ ಅಂಗಡಿಯವನಿಗೆ ತೂಕ ಸರಿಯಾಗಿ ಹಾಕು ಎಂದು ಗದರಿದಳು. ಗಂಟಲು ಕೇಳಿ ತಿರುಗಿ ನೋಡಿದೆ. ಮೈ ಸುಕ್ಕಾಗಿತ್ತು, ಬೆನ್ನು ಬಾಗಿತ್ತು, ಕಿವಿಯ ತೂತು ಇಳಿಬಿದ್ದಿತ್ತು. ಓಲೆ ಮಾತ್ರ ಅದೇ. ನಾನು ಯಾರೆಂದು ಹೇಳಿಕೊಂಡೆ. ಆಕೆ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿ, ಓ ಮರ ಕಡಿಯೋ ಸ್ವಾಮಿ ಎಂದಳು. ರಂಗಪ್ಪನೂ ಪುಟ್ಟಸ್ವಾಮಿಯೂ ತೀರಿಕೊಂಡಿದ್ದರು. ಜಯಮ್ಮ ಚೆನ್ನಾಗಿದ್ದಳು. ಪಕ್ಕದಲ್ಲಿ ಮೊಪೆಡ್ ನಿಲ್ಲಿಸಿಕೊಂಡು ನಿಂತಿದ್ದ ಹೆಂಗಸನ್ನು ತೋರಿಸಿ, ಇವಳೇ ಪದ್ಮ ಎಂದಳು. ಪದ್ಮಳಿಗೆ ಕಾಲೇಜಿಗೆ ಹೋಗುವ ಮಗನಿದ್ದ. ಗಂಡ ಹೆಂಡತಿ ಸೇರಿ ಊರಿನಲ್ಲೇ ಅಕ್ಕಿ ಗಿರಣಿ ಇಟ್ಟಿದ್ದಾರಂತೆ.

ಗಿರಣಿ ಮನೆಯಲ್ಲೇ ಇರುವಾಗ ತೌಡಿಗೆ ಇಷ್ಟು ದೂರ ಬರುವುದೇಕೆ ಎಂದು ಕೇಳಿದೆ. ಪದ್ಮ ನಕ್ಕಳು. ದೊಡ್ಡಮ್ಮ ತಮ್ಮ ಗಿರಣಿಯ ತೌಡನ್ನು ಒಂದು ಹಿಡಿಯೂ ಮುಟ್ಟುವುದಿಲ್ಲ, ಪುಕ್ಕಟೆ ಕೊಟ್ಟರೂ ಇಲ್ಲ, ದುಡ್ಡಿಗೂ ಇಲ್ಲ, ಈ ಚಾಕರಿ ತನಗೆ ತಪ್ಪಿದ್ದಲ್ಲ ಎಂದಳು. ಲಕ್ಕಮ್ಮ ಅವಳ ಕಡೆ ನೋಡದೆ ನನಗೆ ಹೇಳಿದಳು.

"ಆ ಮನೆ ತೌಡು ನಮ್ಮನೆಗೆ ಬಂದ್ರೆ ವ್ಯಾಪಾರ ವಾಪಸ್ ಆದಂಗಲ್ವೇನಪ್ಪ?"

ನಾನು ಓಲೆ ನೋಡುತ್ತಿದ್ದುದನ್ನು ಆಕೆ ಗಮನಿಸಿರಬೇಕು. ಕಿವಿಗೆ ಕೈ ಹಾಕಿ ಮುಟ್ಟಿಕೊಂಡಳು.

"ದುಡ್ಡು ಕೊಟ್ಟುಬುಟ್ಟಿದ್ರೆ ಮಾರಿದ್ದು ಸುಳ್ಳಾಗೋದು. ಮುಚ್ಚಿಟ್ಟಿದ್ರೆ ಅವರ ದುಡ್ಡೇ ನನ್ನತ್ರ ಇದ್ದಂಗೆ ಆಗೋದು. ಅದಕ್ಕೆ ಕಿವಿಗೆ ಹಾಕ್ಕಂಡು ಊರೆಲ್ಲ ಮೆರೆದೆ ಕಣಪ್ಪ. ಬಯ್ಕಂಡ್ರು. ಬಯ್ಕಳ್ಳಿ ಬುಡು, ನನ್ನ ಮರ ಅಂತ ಎಲ್ಲಾರ ಬಾಯಲ್ಲೂ ಬಂತಲ್ಲ."

ಜಯಮ್ಮನಿಗೆ ಇದು ಗೊತ್ತೇ ಎಂದು ಕೇಳಿದೆ. ಬಾಯಿಬಿಟ್ಟು ಹೇಳಿಲ್ಲ, ಹೇಳಿದರೆ ಶಾಸ್ತ್ರಕ್ಕೆ ಮಾಡಿದಂತಾಗುತ್ತದೆ, ತಾನಾಗಿ ತಿಳಿದುಕೊಳ್ಳಲು ಅವಳಿಗೆ ಹತ್ತು ವರ್ಷ ಹಿಡಿಯಿತು ಎಂದಳು. ಹೆಸರಿಡುವ ದಿನದ ಆ ಬರಿಗೈ ನನ್ನ ಕಣ್ಣಿಗೆ ಕಟ್ಟಿತು. ಮಗುವಿಗೆ ಒಂದು ರೂಪಾಯಿ ಹಾಕಲು ಆಕೆಗೆ ಎಷ್ಟು ಆಸೆಯಿತ್ತೋ.

ಅಂಗಡಿಯವನು ಮೂಟೆ ಹೊಲಿದು ಮೊಪೆಡ್ಡಿನ ಮುಂದೆ ಇಟ್ಟ. ಲಕ್ಕಮ್ಮ ಸೊಂಟದ ಚೀಲ ಬಿಚ್ಚಿ ಚಿಲ್ಲರೆ ಹುಡುಕತೊಡಗಿದಳು. ಹೊತ್ತಾಗುತ್ತಿತ್ತು, ನನ್ನ ಬಸ್ಸೂ ಬಂದು ನಿಂತಿತ್ತು. ಪದ್ಮ ತಾನೇ ಕೊಟ್ಟುಬಿಡೋಣ ಎಂದು ಒಂದು ನೋಟು ತೆಗೆದು ಅಂಗಡಿಯವನ ಕಡೆಗೆ ಚಾಚಿದಳು. ಮುದುಕಿ ಆ ಕೈಯನ್ನು ಪಟ್ಟನೆ ಹೊಡೆದು ಹಿಂದಕ್ಕೆ ತಳ್ಳಿದಳು.

"ಸುಮ್ಕಿರೇ. ನೀನು ಕೊಡಂಗಿಲ್ಲ."